ಮಗು ಎರಡು ವಾರ ಹಿಂದೆ ಇದೆ ಅಂದರು. ಮಾಸು ಅಳೆಸಬೇಕಾ?

ನಿಮ್ಮ ಮನೆಯವರು 30 ವಾರದ ಗರ್ಭಿಣಿ. ಸ್ಕ್ಯಾನ್‌ನಲ್ಲಿ ಮಗು ಬೆಳವಣಿಗೆಯಲ್ಲಿ ಎರಡು ವಾರ ಹಿಂದೆ ಇದೆ ಅಂದಿದ್ದಾರೆ. ಮಾಸು, ಅಂದರೆ ಮಗುವಿಗೆ ತಾಯಿಯಿಂದ ಆಹಾರ ಸಾಗಿಸುವ ಪ್ಲಾಸೆಂಟಾ, ಎಷ್ಟು ದೊಡ್ಡದು ಅಂತ ರಿಪೋರ್ಟಿನಲ್ಲಿ ಬರೆದಿಲ್ಲ, ಅದನ್ನು ಅಳೆಸಲು ಸೋಮವಾರಪೇಟೆಯಿಂದ ಮೈಸೂರಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಕೊಡಗಿನಲ್ಲೇ 26 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಅದೊಂದಕ್ಕೋಸ್ಕರ ಹೋಗಬೇಡಿ. ಮೊದಲು ನೋಡಬೇಕಾದದ್ದು ಬೇರೆ ಇದೆ.

ವಾರದ ಲೆಕ್ಕ ಸರಿ ಇದೆಯಾ? ನಮ್ಮಲ್ಲಿ ತುಂಬಾ ಜನ ತಾರೀಕು ಬರೆದಿಟ್ಟಿರುವುದಿಲ್ಲ, ಹಬ್ಬದ ಮೇಲೆ ನೆನಪಿಟ್ಟಿರುತ್ತಾರೆ. ಕಾಫಿ ತೋಟದ ಲೈನ್ ಮನೆಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಕಾವೇರಿ ಸಂಕ್ರಮಣಕ್ಕೆ ಕೊನೇ ಸಲ ಮುಟ್ಟಾದೆ ಅಂದಳು. ಆ ಲೆಕ್ಕದಲ್ಲಿ 32 ವಾರ. ಕೆಳಹೊಟ್ಟೆಯ ಮೂಳೆಯಿಂದ ಗರ್ಭಕೋಶದ ತುದಿಯವರೆಗೆ ಟೇಪು ಹಿಡಿದರೆ 24ರಿಂದ 36 ವಾರದವರೆಗೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಬರುತ್ತದೆ. ಎರಡು ಮೂರು ಸೆಂಟಿಮೀಟರ್ ಆಚೀಚೆ ಆದರೂ ಪರವಾಗಿಲ್ಲ. ಅವಳಿಗೆ 26 ಬಂತು. ನನಗೆ ಎದೆ ಧಸಕ್ ಅಂತು. ಕೂರಿಸಿಕೊಂಡು ಮತ್ತೆ ಮತ್ತೆ ಕೇಳಿದಾಗ, ಇಲ್ಲ ಸಿಸ್ಟರ್, ಹುತ್ತರಿಯ ಹೊತ್ತಿಗೂ ಒಂದು ಸಲ ಆಗಿತ್ತು ಅಂದಳು. ಹುತ್ತರಿ ನಮ್ಮ ಸುಗ್ಗಿ ಹಬ್ಬ, ಕಾವೇರಿ ಸಂಕ್ರಮಣ ಆಗಿ ಸುಮಾರು ಆರು ವಾರಕ್ಕೆ ಬರುತ್ತದೆ. ಮೂರು ವಾರ ಬಿಟ್ಟು ಅಳೆದೆ, 29 ಇತ್ತು. ಮಗು ಸರಿಯಾಗೇ ಬೆಳೆಯುತ್ತಿತ್ತು, ತಪ್ಪಿದ್ದು ಲೆಕ್ಕ.

ಆದ್ದರಿಂದ ನಿಮ್ಮ ಮೊದಲ ಸ್ಕ್ಯಾನ್ ತೆಗೆದು ನೋಡಿ. ಗರ್ಭದ ಮೊದಲ ಮೂರು ತಿಂಗಳ ಒಳಗೆ ಮಾಡಿಸಿದ್ದರೆ ಅದರ ತಾರೀಕೇ ನಂಬಿಕೆಗೆ ಯೋಗ್ಯ. ಆ ಲೆಕ್ಕದಲ್ಲೂ ಹಿಂದಿದ್ದರೆ ಮುಂದಿನದನ್ನು ಯೋಚಿಸಬೇಕು.

ಒಂದು ಸಲದ ಅಳತೆಯಿಂದ ಬೆಳವಣಿಗೆ ಗೊತ್ತಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಮಗುವನ್ನು ತೂಗುವುದಿಲ್ಲ ಅಲ್ವಾ? ತಲೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆ ಅಳೆದು ಸೂತ್ರಕ್ಕೆ ಹಾಕುತ್ತಾರೆ. ಆ ತೂಕ 10–15 ಶೇಕಡಾ ಆಚೀಚೆ ಆಗಬಹುದು. 1300 ಗ್ರಾಂ ಅಂತ ಬರೆದಿದ್ದರೆ 1150 ಇರಬಹುದು, 1450ಕ್ಕೂ ಹತ್ತಿರ ಇರಬಹುದು. ಹೊಟ್ಟೆಯ ಸುತ್ತಳತೆಯನ್ನು ವಿಶೇಷವಾಗಿ ಗಮನಿಸಿ. ಆಹಾರ ಸಾಲದಾದಾಗ ಮಗು ತಲೆಯನ್ನು ಕಾಪಾಡಿಕೊಳ್ಳುತ್ತದೆ, ಹೊಟ್ಟೆ ಮೊದಲು ಹಿಂದೆ ಬೀಳುತ್ತದೆ. ಅಲ್ಲೇ ಆಹಾರದ ಸಂಗ್ರಹ ಇರುವುದು, ಲಿವರಿನಲ್ಲಿ. ಎರಡನೇ ಸ್ಕ್ಯಾನ್ ಯಾವಾಗ ಅಂತ ಡಾಕ್ಟರನ್ನು ಕೇಳಿ. ಎರಡು ವಾರಕ್ಕಿಂತ ಮೊದಲು ಸುಮ್ನೆ ಮಾಡಿಸಿದರೆ ಬೆಳವಣಿಗೆಯ ಲೆಕ್ಕ ಸಿಗುವುದಿಲ್ಲ. ಆದಷ್ಟು ಅದೇ ಜಾಗದಲ್ಲಿ ಮಾಡಿಸಿ.

ಈಗ ಮಾಸಿನ ವಿಷಯ. ಹೆರಿಗೆ ಆದ ಮೇಲೆ ತೂಗಿದರೆ ಸುಮಾರು ಅರ್ಧ ಕೆಜಿ ಇರುತ್ತದೆ, ಮಗು ಅದರ ಆರು ಪಟ್ಟು. ಹೊಟ್ಟೆಯಲ್ಲಿರುವಾಗ ಅದನ್ನು ಅಳೆಯುವುದೂ ಸಾಧ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹಾರ್ವಿ ಕ್ಲೈಮನ್, ಉದ್ದ ಅಗಲ ದಪ್ಪ ಹಿಡಿದು ಗಾತ್ರ ಲೆಕ್ಕ ಹಾಕುವ ವಿಧಾನ ಮಾಡಿದ್ದಾರೆ. ಆದರೆ ಮಾಮೂಲಿ ಸ್ಕ್ಯಾನ್‌ನಲ್ಲಿ ಅದನ್ನು ಮಾಡುವುದಿಲ್ಲ. ದಿನ ತುಂಬುತ್ತಾ ಬಂದಂತೆ ಮಾಸು ಒಂದೇ ಪರದೆಯಲ್ಲಿ ಹಿಡಿಯುವುದಿಲ್ಲ, ಬೆನ್ನಿನ ಕಡೆ ಇದ್ದರೆ ಇನ್ನೂ ಕಷ್ಟ. ದಪ್ಪ ನಾಲ್ಕು ಸೆಂಟಿಮೀಟರ್ ದಾಟಿದ್ದರೆ ಸಕ್ಕರೆ ಕಾಯಿಲೆ, ರಕ್ತಹೀನತೆ, ಸೋಂಕು ಇವೆಯಾ ಅಂತ ನೋಡುತ್ತಾರೆ. ನಿಮಗೆ ಬೇಕಾದ ಮಾಹಿತಿ ಡಾಪ್ಲರ್ ಸ್ಕ್ಯಾನ್‌ನಲ್ಲಿ ಸಿಗುತ್ತದೆ. ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ಅದು ತೋರಿಸುತ್ತದೆ. ಮಾಸಿನ ಗಾತ್ರಕ್ಕಿಂತ ಅದರ ಕೆಲಸ ಮುಖ್ಯ. ಡಾಪ್ಲರ್ ಕೇಳಿ ಮಾಡಿಸಿ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡು, ಹಳೇ ಸ್ಕ್ಯಾನ್ ಎಲ್ಲಾ ತೆಗೆದುಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೆ, ನಿಮ್ಮ ಮನೆಯವರು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರೆ, ಇವತ್ತೇ ನಿಲ್ಲಿಸಿ.

ಮಗು ಒದೆಯುವುದು ಕಡಿಮೆ ಆಯ್ತು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಕಡೆ ನಿಮ್ಮ ಮನೆ ಇದ್ದರೆ, ದಿನ ಹತ್ತಿರ ಬರುವ ಮೊದಲೇ ಪೇಟೆಯಲ್ಲಿ ನೆಂಟರ ಮನೆಗೆ ಕರೆದುಕೊಂಡು ಬನ್ನಿ.

ಮೊದಲ ಸ್ಕ್ಯಾನ್ ಎಷ್ಟನೇ ವಾರದಲ್ಲಿ ಆಯ್ತು, ಮಗುವಿನ ಹೊಟ್ಟೆಯ ಸುತ್ತಳತೆ ಎಷ್ಟು, ತಾಯಿಯ ಹೀಮೋಗ್ಲೋಬಿನ್ ಎಷ್ಟು, ಇಷ್ಟನ್ನು ಇಲ್ಲಿ ಬರೆಯಿರಿ. ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಹೇಳುತ್ತೇನೆ.