ಚೀನಾದ ಗುವಾಂಗ್‌ಝೌನಲ್ಲಿ ನಮ್ಮ ಗೋದಾಮಿನ ಕೆಲಸಗಾರ್ತಿಯ ಮಗಳು ಒಂಬತ್ತನೆಯ ತರಗತಿ ಮುಗಿಸುತ್ತಿದ್ದಾಳೆ. ಖಾಸಗಿ ಹೈಸ್ಕೂಲಿನ (ಹತ್ತರಿಂದ ಹನ್ನೆರಡನೆಯ ತರಗತಿ) ಶುಲ್ಕ ನಾನು ಕಟ್ಟಲೇ, ಹುನಾನ್ ಪ್ರಾಂತ್ಯದ ಅವರ ಊರಿಗೆ ಕಳಿಸಲು ಹೇಳಲೇ?

ನೀವು ಕೇಳುವ ಇಂಥದೇ ಶುಲ್ಕವನ್ನು ಹಿಂದೊಮ್ಮೆ ಕಟ್ಟಿದವನು ನಾನು. ಉಪಕಾರ ಮಾಡಿದೆನೆಂದು ಮೂರು ವರ್ಷ ಬೀಗಿದವನೂ ನಾನೇ.

2012ರಲ್ಲಿ ಗುವಾಂಗ್‌ಝೌನಲ್ಲೇ ಸಣ್ಣ ರಫ್ತು ಸಂಸ್ಥೆಯೊಂದರ ಗೋದಾಮು ನನ್ನ ಕೈಯಲ್ಲಿತ್ತು. ಪ್ಯಾಕಿಂಗ್ ಮೇಜಿಗೆ ಹುನಾನ್ ಕಡೆಯ ಹೆಂಗಸೊಬ್ಬರು ಸೇರಿದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಸೇರುವಾಗಲೇ ಅವರದೊಂದು ಕೋರಿಕೆ: ಸಾಮಾಜಿಕ ವಿಮೆಗೆಂದು ಸಂಬಳ ಹಿಡಿಯಬೇಡಿ, ಕೈಗೇ ಕೊಡಿ. ಆ ವಿಮೆಯಲ್ಲಿ ಪಿಂಚಣಿಗೆ ಕೆಲಸಗಾರರ ಪಾಲು ಸಂಬಳದ ಶೇ 8. ಆ ದುಡ್ಡು ಊರಿನಲ್ಲಿ ಅಜ್ಜಿಯ ಜೊತೆಗಿದ್ದ ಮಗಳಿಗೆ ಹೋಗುತ್ತದೆ ಎಂದರು. ಮಾಲೀಕನಿಗಂತೂ ಹಾಲು ಕುಡಿದಷ್ಟು ಸಂತೋಷ, ಅವನ ಪಾಲೂ ಉಳಿಯಿತಲ್ಲ. ‘ವಿಮೆ ನನಗೆ ಬೇಡ’ ಎಂಬ ಒಂದು ಪುಟದ ಕಾಗದಕ್ಕೆ ಅಕ್ಕ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದರು. ಅದರ ಕೆಳಗೆ ಸಾಕ್ಷಿಯ ಸಹಿ ನನ್ನದು.

ಆ ಡಿಸೆಂಬರಿನಲ್ಲೇ ಗುವಾಂಗ್‌ಝೌ ಇರುವ ಗುವಾಂಗ್‌ಡೊಂಗ್ ಪ್ರಾಂತ್ಯದ ಸರ್ಕಾರ ನಿಯಮ ಪ್ರಕಟಿಸಿತು. 2016ರಿಂದ ಹೊರಪ್ರಾಂತ್ಯದ ಕಾರ್ಮಿಕರ ಮಕ್ಕಳೂ ಅಲ್ಲೇ ಗಾವ್‌ಕಾವ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ, ಬರೆಯಬಹುದು. ಆದರೆ ಮಗು ಮೂರು ವರ್ಷದ ಹೈಸ್ಕೂಲನ್ನು ಅಲ್ಲೇ ಓದಿರಬೇಕು, ಹೆತ್ತವರ ಹೆಸರಿನಲ್ಲಿ ಮೂರು ವರ್ಷದ ವಾಸಪತ್ರವೂ ಮೂರು ವರ್ಷದ ಸಾಮಾಜಿಕ ವಿಮೆಯೂ ಇರಬೇಕು. ನಾನು ಅದನ್ನು ಓದಲೇ ಇಲ್ಲ. ಗದಗಿನಿಂದ ಟಿ.ಸಿ. ತಂದು ಬೆಂಗಳೂರಿನಲ್ಲಿ ಪಿಯುಸಿಗೆ ಸೇರಿದವನು, ದುಡ್ಡೊಂದಿದ್ದರೆ ಯಾವ ಊರಿನಲ್ಲಾದರೂ ಓದಬಹುದು ಎಂದುಕೊಂಡಿದ್ದೆ. 2013ರಲ್ಲಿ ಮಗಳು ಬಂದಳು. ಖಾಸಗಿ ಹೈಸ್ಕೂಲಿಗೆ ಸೇರಿಸಿ ಅರ್ಧ ಶುಲ್ಕ ನಾನೇ ಕಟ್ಟಿದೆ.

ಪರೀಕ್ಷೆಯ ನೋಂದಣಿಗೆ ಹೋದಾಗ ಶಾಲೆಯ ಗುಮಾಸ್ತೆ ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿದಳು. ವಿಮೆ ಕಟ್ಟಿದ ತಿಂಗಳು: 0. ಅಪ್ಪನದು ಕಟ್ಟಡದ ದಿನಗೂಲಿ, ಅಲ್ಲಿಯೂ ಸೊನ್ನೆ. ಹುಕೌ ಪುಸ್ತಕ, ಅಂದರೆ ಮನೆಯವರ ಊರನ್ನು ನೋಂದಾಯಿಸಿದ ಸರ್ಕಾರಿ ದಾಖಲೆ, ಯಾವ ಊರಿನದೋ ಅಲ್ಲಿಗೇ ಹೋಗಿ ಬರೆಯಬೇಕು. ಪರೀಕ್ಷೆಗೆ ಆರು ತಿಂಗಳಿರುವಾಗ ಹುಡುಗಿ ಹುನಾನ್‌ನ ಶಾವ್‌ಯಾಂಗ್‌ಗೆ ಹೋದಳು. ಅಲ್ಲಿನ ಪಠ್ಯಪುಸ್ತಕಗಳೇ ಬೇರೆ. ನಮ್ಮ ಶಾಲೆಯಲ್ಲಿ ಮೊದಲ ಹತ್ತರೊಳಗಿದ್ದವಳಿಗೆ ಕೊನೆಗೆ ಸಿಕ್ಕಿದ್ದು ಮೂರು ವರ್ಷದ ಡಿಪ್ಲೊಮಾ ಕಾಲೇಜು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ‘ಹೆಬ್ಬೆಟ್ಟು ಒತ್ತಿದ್ದು ನಾನಲ್ಲವೇ’ ಎಂದರು. ಓದು ಬಾರದವರ ಹೆಬ್ಬೆಟ್ಟಿಗೂ ಓದಿದವನ ಸಹಿಗೂ ಒಂದೇ ತೂಕವೇ?

ಹಾಗಾಗಿ ಊರೋ ನಗರವೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಊರಿನಲ್ಲಿ ಬಿಟ್ಟರೆ ಮಗು ಅನಾಥವಾಗುತ್ತದೆ ಎಂದು ನೀವು ಹೇಳಬಹುದು, ಅದು ಸುಳ್ಳೂ ಅಲ್ಲ. 2013ರ ಅಖಿಲ ಚೀನಾ ಮಹಿಳಾ ಒಕ್ಕೂಟದ ಲೆಕ್ಕದಲ್ಲಿ ಹಾಗೆ ಊರಿನಲ್ಲಿ ಉಳಿದ ಮಕ್ಕಳು 6.1 ಕೋಟಿ. (2016ರಲ್ಲಿ ಸರ್ಕಾರದ ಲೆಕ್ಕ 90.2 ಲಕ್ಷಕ್ಕಿಳಿಯಿತು. ಮುಖ್ಯವಾಗಿ ಬದಲಾದದ್ದು ವ್ಯಾಖ್ಯೆ, ತಾಯಂದಿರೇನು ಮನೆಗೆ ಮರಳಿರಲಿಲ್ಲ.) ಆದರೂ ಹೋಗುವುದೇ ಆದರೆ ಹತ್ತನೆಯ ತರಗತಿಯ ಮೊದಲ ದಿನವೇ ಹೋಗಲಿ, ನಡುವೆ ಬೇಡ.

ಮೊದಲು ತಾಯಿಯ ಸಂಬಳದ ಚೀಟಿ ತರಿಸಿ ನೋಡಿ. ಅದರಲ್ಲಿ ವಿಮೆಯ ಸಾಲು ಇಲ್ಲದಿದ್ದರೆ ನಾಳೆಯೇ ನಿಮ್ಮ ಮಾಲೀಕನ ಜೊತೆ ಜಗಳವಾಡಿ, ಶುಲ್ಕಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಆಕೆಗೆ ಆ ಶೇ 8 ತುಂಬಿಕೊಡಿ.