ಮ್ಯಾಂಚೆಸ್ಟರ್ ಆಮೇಲೆ, ಮೊದಲು ನಮ್ಮೂರಿನ ಮೈದಾನಕ್ಕೆ ಬನ್ನಿ

ನಿಮ್ಮ ಪ್ರಶ್ನೆ ಓದಿದೆ. ಹಾಸನದಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ತಿಂಗಳಾಯ್ತು, ಕೆಲಸಕ್ಕೇನೂ ತೊಂದರೆ ಇಲ್ಲ, ಆದರೆ ವಾರಾಂತ್ಯ ಬಂದರೆ ಮಾತಾಡೋಕೆ ಒಬ್ಬರೂ ಇಲ್ಲ ಅಂದಿದ್ದೀರಿ. ಸೋಮವಾರ ಆಫೀಸಿನಲ್ಲಿ ಎಲ್ಲರೂ ಫುಟ್‌ಬಾಲ್ ಮಾತಾಡುವಾಗ ಸುಮ್ನೆ ಕೂತಿರುತ್ತೀರಂತೆ. ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯಕ್ಕೆ ಟಿಕೆಟ್ ಹೇಗೆ ಸಿಗುತ್ತೆ ಅಂತ ಕೇಳಿದ್ದೀರಿ.

ಮ್ಯಾಂಚೆಸ್ಟರ್ ಎಲ್ಲೂ ಓಡಿ ಹೋಗಲ್ಲ. ನೀವಿರುವ ಊರಿಗೇ ರೆಡಿಂಗ್ ಅನ್ನುವ ಒಂದು ಫುಟ್‌ಬಾಲ್ ತಂಡ ಇದೆ, 1871ರಲ್ಲಿ ಶುರುವಾದದ್ದು. ನಾನು ಈ ಊರಿನವನಾದದ್ದು ಆ ತಂಡದಿಂದ. ಅದೂ ಗೆದ್ದ ವರ್ಷದಲ್ಲಲ್ಲ, ಕ್ಲಬ್ ಉಳಿಯುತ್ತೋ ಇಲ್ಲವೋ ಅನ್ನುವಂತಿದ್ದ 2023-24ರ ಸೀಸನ್‌ನಲ್ಲಿ.

ಮೊದಲು ಲೆಕ್ಕ ಹೇಳುತ್ತೇನೆ. ಇಲ್ಲಿನ ಫುಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್. ಅದರ ಕೆಳಗೆ ಚಾಂಪಿಯನ್‌ಶಿಪ್, ಆಮೇಲೆ ಲೀಗ್ ಒನ್, ಲೀಗ್ ಟೂ. ಎಲ್ಲಾ ಸೇರಿ 92 ಕ್ಲಬ್. ನಮ್ಮ ಐಪಿಎಲ್‌ನಲ್ಲಿ ಕೊನೆಗೆ ಬಂದ ತಂಡ ಮುಂದಿನ ವರ್ಷವೂ ಅಲ್ಲೇ ಆಡುತ್ತೆ. ಇಲ್ಲಿ ಹಾಗಿಲ್ಲ. ಲೀಗ್ ಒನ್‌ನಲ್ಲಿ 24 ತಂಡ, ಒಬ್ಬೊಬ್ಬರಿಗೆ 46 ಪಂದ್ಯ. ಮೊದಲೆರಡು ನೇರವಾಗಿ ಮೇಲೆ ಹೋಗುತ್ತವೆ, ಮೂರರಿಂದ ಆರನೇ ಸ್ಥಾನದವರು ಇನ್ನೊಂದು ಜಾಗಕ್ಕಾಗಿ ಪ್ಲೇ-ಆಫ್ ಆಡುತ್ತಾರೆ, ಕೊನೆಯ ನಾಲ್ಕು ಕೆಳಗಿಳಿಯುತ್ತವೆ. ಹಾಗಾಗಿ ಕೆಳಗಿರುವ ತಂಡಕ್ಕೂ ಏಪ್ರಿಲ್ ತನಕ ಎದೆ ಡವಡವ.

ರೆಡಿಂಗ್ 2005-06ರಲ್ಲಿ ಚಾಂಪಿಯನ್‌ಶಿಪ್‌ನಲ್ಲಿ 106 ಅಂಕ ಗಳಿಸಿ ದಾಖಲೆ ಮಾಡಿದ ತಂಡ. ಅದೇ ತಂಡ 2023ರಲ್ಲಿ ಲೀಗ್ ಒನ್‌ಗೆ ಬಿತ್ತು. ಆಗಿನ ಮಾಲೀಕರ ಕಾಲದಲ್ಲಿ ದುಡ್ಡಿನ ತಾಪತ್ರಯ. ಆಟಗಾರರ ಸಂಬಳ ಸಮಯಕ್ಕೆ ಆಗಲಿಲ್ಲ, ತೆರಿಗೆ ಬಾಕಿ ಉಳಿಯಿತು, ಲೀಗಿನವರು ಅಂಕ ಕಡಿಯುತ್ತಾ ಹೋದರು. 2023-24ರ ಒಂದೇ ಸೀಸನ್‌ನಲ್ಲಿ ಆರು ಅಂಕ ಹೋಯಿತು. ಹುಡುಗರು ಬೆವರು ಸುರಿಸಿ ಗೆದ್ದದ್ದನ್ನು ಕಾಗದದ ಮೇಲೆ ಕಳೆದುಬಿಡುತ್ತಿದ್ದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ತಪ್ಪು ಮಾಡಿದ್ದು ಮೇಲಿನವರು, ದಂಡ ಕಟ್ಟಿದ್ದು ಆಟಗಾರರು ಮತ್ತು ಊರು.

ಅದಕ್ಕೂ ಮುಂಚೆ ಎರಡು ವರ್ಷದಿಂದ ನಾನು ಸೀಸನ್ ಟಿಕೆಟ್ ತಗೊಂಡು ಒಂದೇ ಸೀಟಿನಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ. ಹಳೇ ಎಲ್ಮ್ ಪಾರ್ಕ್ ಮೈದಾನದ ಕಾಲದಿಂದಲೂ ಬರುತ್ತಿರುವವರು. ತಲೆಯಾಡಿಸುತ್ತಿದ್ದೆವು, ಅಷ್ಟೇ. ಇಲ್ಲಿನ ಜನ ಬೇಗ ಮಾತಿಗಿಳಿಯಲ್ಲ, ನಿಮಗೂ ಗೊತ್ತಾಗಿರುತ್ತೆ ಅಲ್ವಾ?

2024ರ ಜನವರಿ 13, ಪೋರ್ಟ್ ವೇಲ್ ವಿರುದ್ಧದ ಪಂದ್ಯ. ಮೂಗಿನ ತುದಿ ಮರಗಟ್ಟುವಂಥ ಚಳಿ. 16ನೇ ನಿಮಿಷಕ್ಕೆ, ಮಾಲೀಕರ ವಿರುದ್ಧ ಪ್ರತಿಭಟನೆ ಅಂತ, ಮೈದಾನದ ತುಂಬಾ ಟೆನಿಸ್ ಚೆಂಡು ಬಿದ್ದವು. ಹಿಂದೆಯೇ ನೂರಾರು ಜನ ಒಳಗಿಳಿದು ನಡುಮೈದಾನದಲ್ಲಿ ನಿಂತುಬಿಟ್ಟರು. ಆ ಮಾಲೀಕರ ಕಾಲದಲ್ಲಿ, ಹಿಂದಿನ ಸೀಸನ್‌ಗಳದ್ದೂ ಸೇರಿ, ಅಲ್ಲಿಯವರೆಗೆ ಕಡಿತವಾದ ಅಂಕ 16, ಅದಕ್ಕೇ ಆ ನಿಮಿಷ. ಪಂದ್ಯ ಮತ್ತೆ ಶುರುವಾಗಲೇ ಇಲ್ಲ. ಅಜ್ಜನಿಗೆ ಮಂಡಿನೋವು, ಇಳಿಯಲಿಲ್ಲ. ಮುಂದಿನ ಕಂಬಿ ಹಿಡಿದು ನಿಂತಿದ್ದರು. ಕೈ ನಡುಗುತ್ತಿತ್ತು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲು ನನಗೆ ಕೊಟ್ಟರು. ತಮ್ಮ ತಂದೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಫ್ಯಾಕ್ಟರಿಯಲ್ಲಿ ದುಡಿದದ್ದು, ಆ ಕಾರಣಕ್ಕೇ ಈ ತಂಡಕ್ಕೆ ಹಿಂದೆ 'ಬಿಸ್ಕತ್ತಿನವರು' ಅಂತ ಹೆಸರಿದ್ದದ್ದು, ಎಲ್ಲಾ ಹೇಳಿದರು. 2019ರಲ್ಲಿ ಬೆರಿ ಅನ್ನುವ ಊರಿನ ಕ್ಲಬ್ಬನ್ನು ದುಡ್ಡಿನ ಸಮಸ್ಯೆಯಿಂದ ಲೀಗಿನಿಂದಲೇ ಹೊರಹಾಕಿದ್ದರು. 'ನಮಗೂ ಹಾಗಾದರೆ ನಾನು ಶನಿವಾರ ಎಲ್ಲಿಗೆ ಹೋಗಲಿ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಬಸ್ ಸ್ಟಾಪಿನ ತನಕ ಒಟ್ಟಿಗೆ ನಡೆದೆವು.

ಅಲ್ಲಿಂದಾಚೆ ತಂಡ ಗಟ್ಟಿಯಾಗಿ ಆಡಿತು. ಕೋಚ್ ರೂಬೆನ್ ಸೆಲ್ಲೆಸ್ ಕೈಯಲ್ಲಿದ್ದವರಲ್ಲಿ ಜಾಸ್ತಿ ಜನ ಎಳೆಯ ಹುಡುಗರು. ನಡುವೆಯೇ ನೆಲ್ಸನ್ ಅಬ್ಬಿ ಥರದ, ಕ್ಲಬ್ಬಿನಲ್ಲೇ ಬೆಳೆದ ಆಟಗಾರನನ್ನು ಮಾರಬೇಕಾಯಿತು. ಅಭ್ಯಾಸದ ಜಾಗ ಬೇರ್‌ವುಡ್ ಪಾರ್ಕನ್ನೂ ವಿಕಂಬ್ ಕ್ಲಬ್ಬಿಗೆ ಮಾರುವ ಮಾತು ಬಂತು, ಜನ ತಿರುಗಿಬಿದ್ದರು, ಆ ಮಾರಾಟ ಆಗಲಿಲ್ಲ. ಕೊನೆಗೆ 17ನೇ ಸ್ಥಾನ, ಕೆಳಗಿಳಿಯದೆ ಉಳಿದೆವು. ಪಟ್ಟಿಯಲ್ಲಿ ನೋಡಿದರೆ ಏನೂ ಅನ್ನಿಸಲ್ಲ. ನಮಗೆ ಅದು ಕಪ್ ಗೆದ್ದಷ್ಟೇ ದೊಡ್ಡದು. ಆರ್‌ಸಿಬಿಗೋಸ್ಕರ ಹದಿನೆಂಟು ವರ್ಷ ಕಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಮೇನಲ್ಲಿ ಅಮೆರಿಕದ ರಾಬ್ ಕೂಹಿಗ್ ಆ ಮಾಲೀಕರಿಂದ ಕ್ಲಬ್ ಕೊಂಡಾಗ ಅಜ್ಜ ಫೋನ್ ಮಾಡಿದ್ದರು. ಒಂದು ನಿಮಿಷ ಮಾತೇ ಹೊರಡಲಿಲ್ಲ.

ಇನ್ನು ಹೋಗುವ ವಿಷಯ. ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಈ ದೇಶದಲ್ಲಿ ಟಿವಿಯಲ್ಲಿ ನೇರವಾಗಿ ತೋರಿಸಲ್ಲ, ಹೋಗಿಯೇ ನೋಡಬೇಕು. ಮೈದಾನ ಎಂ4 ಹೆದ್ದಾರಿಯ ಪಕ್ಕ, ಊರಿನಿಂದ ಬಸ್ ಇದೆ. ಸೌತ್ ಸ್ಟ್ಯಾಂಡ್ ಎದುರಾಳಿಗಳ ಕಡೆಯವರದ್ದು, ಅಲ್ಲಿ ಟಿಕೆಟ್ ತಗೋಬೇಡಿ. ಮನೆಯವರನ್ನು ಕರೆತರಲು ಹಿಂಜರಿಕೆ ಬೇಡ. ಆಟ ಕಾಣುವ ಸೀಟಿನಲ್ಲಿ ಕೂತು ಮದ್ಯ ಕುಡಿಯುವುದಕ್ಕೆ ಕಾನೂನೇ ಬಿಡಲ್ಲ. ಮಕ್ಕಳೂ ಅಜ್ಜಿಯರೂ ಬರುತ್ತಾರೆ. ಕಾಲಿಗೆ ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ.

ಮುಂದಿನ ಪಂದ್ಯದ ದಿನ ಒಂದೂವರೆಗೆ ರೈಲ್ವೆ ಸ್ಟೇಷನ್ ಮುಂದೆ ಸಿಗಿ. ನೀಲಿ-ಬಿಳಿ ಪಟ್ಟೆಯ ಮಫ್ಲರ್ ಸುತ್ತಿಕೊಂಡಿರುತ್ತೇನೆ, ನಿಮಗೂ ಒಂದು ತಂದಿರುತ್ತೇನೆ. ನೀವು ಬರುವ ವಿಷಯ ಅಜ್ಜನಿಗೆ ಹೇಳಿಟ್ಟಿದ್ದೇನೆ.