ಚಪ್ಪಲಿಗಳ ಸಾಲಿನಿಂದ ಶುರುಮಾಡಿ

ಪ್ರಶ್ನೆ: ನಾವು ಐವರು ಪದವಿ ವಿದ್ಯಾರ್ಥಿಗಳು. ಯುವಜನರ ಬದುಕಿನ ಬಗ್ಗೆ 3 ನಿಮಿಷದ ಹಾಡಿನ ವಿಡಿಯೊ ಮಾಡಬೇಕೆಂದಿದ್ದೇವೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಬೈಕು, ಕುಣಿತ ಚಿತ್ರೀಕರಿಸಿದರೆ ಚೆನ್ನಾಗಿರುತ್ತದೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಷ್ಟು ದೂರ ಏಕೆ ತಂಗೀ? ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಳ್ಳಿಗಳಿಂದ ಬಂದವರು ನಿಮ್ಮ ಸಪ್ತಾಪುರದ ತುಂಬ ಇದ್ದಾರೆ. ನಸುಕಿನಲ್ಲಿ ಪೊಲೀಸ್ ನೇಮಕಾತಿಗಾಗಿ ಓಡುವವರು, ಊರಿನಿಂದ ಬಂದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ವಾಚನಾಲಯದ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಆ ಸಾಲನ್ನು ಕಂಡಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಯುವಜನರ ಬದುಕೆಂದರೆ ಇದೂ ಅಲ್ಲವೇ? ಕುಣಿತ ಬೇಕೇ ಬೇಕೆಂದರೆ ಫಲಿತಾಂಶದ ದಿನಕ್ಕೆ ಇಟ್ಟುಕೊಳ್ಳಿ.

ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ಸ್ಪೀಕರಿನಲ್ಲಿ ಹಾಕಿ. ಆಗಲೇ ತುಟಿಚಲನೆ ಕೂಡುತ್ತದೆ. ಓದುತ್ತಿರುವವರ ಮುಖ ಸೆರೆಹಿಡಿಯುವ ಮೊದಲು ಅವರ ಒಪ್ಪಿಗೆ ಕೇಳಿ.